ಕಲ್ಲಹಳ್ಳಿಯ ಇನ್ನೊಬ್ಬ ಅರಸು: ಅರಮನೆಯನ್ನು ಎದುರು ಹಾಕಿಕೊಂಡ ಕಾದಂಬರಿಕಾರ ಚದುರಂಗ

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಅಂದ ತಕ್ಷಣ ರಾಜಕೀಯದಲ್ಲಿ ಆಸಕ್ತಿ ಇರುವ ಯಾರಿಗೇ ಆಗಲಿ ನೆನಪಾಗುವುದು ದೇವರಾಜ ಅರಸು. ಉಳುವವನೇ ಹೊಲದೊಡೆಯ, ಹಾವನೂರು ಆಯೋಗ, ಮಲ ಹೊರುವ ಪದ್ಧತಿಯ ನಿಷೇಧ, ಹಿಂದುಳಿದವರ ರಾಜಕಾರಣ ಎಲ್ಲವೂ ಆ ಒಂದು ಹೆಸರಿನ ಸುತ್ತ ಸೇರಿಕೊಂಡಿವೆ. ಆದರೆ ಅದೇ ಊರಿನಲ್ಲಿ, ಅದೇ ಅರಸು ಸಮುದಾಯದಲ್ಲಿ ಇನ್ನೊಬ್ಬರಿದ್ದರು. ದೇವರಾಜ ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು. ಇವರು ಹುಟ್ಟಿದ್ದು 1916ರ ಜನವರಿ 1ರಂದು. ವಯಸ್ಸಿನ ಅಂತರ ನಾಲ್ಕು ತಿಂಗಳು ಚಿಲ್ಲರೆ, ಅಷ್ಟೇ. ಮನೆಯವರು ಇಟ್ಟ ಹೆಸರು ಸುಬ್ರಹ್ಮಣ್ಯರಾಜೇ ಅರಸು. ಕನ್ನಡ ಓದುಗರಿಗೆ ಅವರು ಚದುರಂಗ.

ಈ ಹೆಸರು ಇವತ್ತಿನ ಓದುಗರಲ್ಲಿ ಎಷ್ಟು ಜನಕ್ಕೆ ಗೊತ್ತು? ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ 'ವೈಶಾಖ, 1982, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ' ಅನ್ನೋ ಒಂದು ಸಾಲಾಗಿ ಗೊತ್ತಿರುತ್ತೆ. ಅಪ್ಪ ಅಮ್ಮನ ತಲೆಮಾರಿನವರಿಗೆ ರಾಜ್‌ಕುಮಾರ್ ಮತ್ತು ಕಲ್ಪನಾ ನಟಿಸಿದ 'ಸರ್ವಮಂಗಳಾ', 'ಉಯ್ಯಾಲೆ' ಸಿನಿಮಾಗಳ ಮೂಲಕ ಗೊತ್ತಿರುತ್ತೆ. ಇವೆರಡರ ನಡುವೆ ಆ ಮನುಷ್ಯ, ಅವರು ಕಟ್ಟಿಕೊಂಡ ಬದುಕು, ಆ ಬದುಕಿಗೆ ಅವರು ತೆತ್ತ ಬೆಲೆ ಎಲ್ಲೋ ಜಾರಿಹೋಗಿದೆ.

ನನ್ನ ಮಟ್ಟಿಗೆ ಚದುರಂಗರ ಬದುಕು ನಮ್ಮ ಕಾಲದ ಒಂದು ರಾಜಕೀಯ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟದ್ದು. ಹುಟ್ಟಿನಿಂದ ಸಿಕ್ಕ ಅಂತಸ್ತನ್ನು ಒಬ್ಬ ಮನುಷ್ಯ ನಿಜವಾಗಿಯೂ ಬಿಟ್ಟು ಬರಬಹುದಾ? ಬಿಟ್ಟು ಬಂದರೆ, ಆಮೇಲೆ ಏನು ಮಾಡಬೇಕು? ಜಾತಿ ವಿನಾಶದ ಬಗ್ಗೆ ಪೋಸ್ಟ್ ಹಾಕುವ, ಪ್ರತಿಭಟನೆಗೆ ಹೋಗುವ, ಮನೆಗೆ ಬಂದು ಅಪ್ಪ ತಂದ ಜಾತಕಕ್ಕೆ ತಲೆ ತಗ್ಗಿಸುವ ನಮ್ಮಲ್ಲಿ ಅನೇಕರಿಗೆ ಇದು ದಿನನಿತ್ಯದ ಪ್ರಶ್ನೆಯೇ.

ಅರಮನೆಯ ನೆರಳಿನ ನಾಲ್ಕು ತಾಲ್ಲೂಕು

ಚದುರಂಗರನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಅವರ ಸೀಮೆಯನ್ನು ನೋಡಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಮೈಸೂರಿನ ಪಶ್ಚಿಮಕ್ಕೆ ಹರಡಿಕೊಂಡಿರುವ ಈ ತಾಲ್ಲೂಕುಗಳು ಇವತ್ತು ಸುದ್ದಿಯಾಗುವುದು ತಂಬಾಕಿನ ಹರಾಜಿಗೆ, ಕಾಡಾನೆ ದಾಳಿಗೆ, ಕಬಿನಿಯ ನೀರಿಗೆ. ಚದುರಂಗರು ಹುಟ್ಟಿದ ಕಾಲಕ್ಕೆ ಇವು ಅರಮನೆಯ ನೆರಳಿನಲ್ಲಿದ್ದ ಸೀಮೆ. ಎಡತೊರೆ ಎಂಬ ಹಳೆಯ ಹೆಸರು ಹಿಂದೆ ಸರಿದು ನಾಲ್ವಡಿ ಕೃಷ್ಣರಾಜರ ಹೆಸರಿನಲ್ಲಿ ಕೃಷ್ಣರಾಜನಗರ ಬಂತು. ಹೆಗ್ಗಡದೇವನಕೋಟೆಯ ಕಾಕನಕೋಟೆ ಕಾಡಿನಲ್ಲಿ ದೊರೆಗಳ ಅತಿಥಿಗಳ ಮುಂದೆ ಖೆಡ್ಡಾ ನಡೆಯುತ್ತಿತ್ತು. ಆನೆಗಳನ್ನು ಅಟ್ಟಿ ತರುವ ಅಪಾಯದ ಕೆಲಸ ಕಾಡಿನ ಜನರದ್ದು, ಎತ್ತರದಲ್ಲಿ ಕೂತು ನೋಡುವ ಸಂಭ್ರಮ ದೊರೆಗಳದ್ದು. ಅರಮನೆ ಮತ್ತು ಹಳ್ಳಿಯ ಸಂಬಂಧ ಹೇಗಿತ್ತು ಅನ್ನೋದಕ್ಕೆ ಇದಕ್ಕಿಂತ ಬೇರೆ ಚಿತ್ರ ಬೇಕಿಲ್ಲ.

ಈ ಏಣಿಯಲ್ಲಿ ಅರಸು ಸಮುದಾಯದ ಜಾಗ ವಿಚಿತ್ರವಾದದ್ದು. ಸಂಖ್ಯೆಯಲ್ಲಿ ಬಹಳ ಸಣ್ಣ ಸಮುದಾಯ. ರಾಜಮನೆತನದ ಜೊತೆ ನೆಂಟಸ್ತನ ಇತ್ತು, ಹೆಸರಿನ ಜೊತೆಗೇ ಗೌರವ ಬರುತ್ತಿತ್ತು. ಆದರೆ ಹಳ್ಳಿಗಳಲ್ಲಿದ್ದ ಎಷ್ಟೋ ಅರಸು ಮನೆತನಗಳ ಕೈಯಲ್ಲಿ ಹೇಳಿಕೊಳ್ಳುವಂಥ ಸಂಪತ್ತು ಇರಲಿಲ್ಲ. ದೊರೆಗಳ ಬಂಧುಗಳು ಅಂತ ಊರಿನವರು ದೂರ ನಿಂತು ನೋಡುತ್ತಿದ್ದರು. ಹಳ್ಳಿಯವರು ಅಂತ ಅರಮನೆಯವರೂ ದೂರವೇ ಇಡುತ್ತಿದ್ದರು. ಎರಡು ಕಡೆಯೂ ಪೂರ್ತಿ ಸೇರದ ಈ ನಡುವಿನ ಜಾಗದಿಂದಲೇ ಕಲ್ಲಹಳ್ಳಿಯ ಇಬ್ಬರು ಅರಸುಗಳೂ ಲೋಕವನ್ನು ನೋಡಿದ್ದು.

ಆ ಊರಿಗೆ ಬರವಣಿಗೆಯ ನಂಟು ಹಳೆಯದು ಅನ್ನೋದನ್ನೂ ಹೇಳಬೇಕು. 16ನೇ ಶತಮಾನದ ಮೊದಲ ಭಾಗದಲ್ಲಿ 'ಜಯನೃಪ ಕಾವ್ಯ', 'ನೇಮಿಜಿನೇಶ ಸಂಗತಿ' ಬರೆದ, ಅಡುಗೆಯ ಬಗ್ಗೆ 'ಸೂಪಶಾಸ್ತ್ರ'ವನ್ನೇ ಬರೆದ ಜೈನ ಕವಿ ಮೂರನೆಯ ಮಂಗರಸ ಇದೇ ಕಲ್ಲಹಳ್ಳಿಯ ಒಡೆಯ. ಚಂಗಾಳ್ವರ ಕಾಲದವನು. ಆಳುವವನೇ ಬರೆಯುವವನೂ ಆಗಿದ್ದ ಕಾಲ ಅದು. ನಾನೂರು ವರ್ಷಗಳ ನಂತರ ಅದೇ ಊರಿನಲ್ಲಿ ಹುಟ್ಟಿದ ಚದುರಂಗರು ಮಾಡಿದ್ದು ಇದರ ತಿರುವುಮುರುವು: ಆಳುವವರ ಕಡೆಯಲ್ಲಿ ಹುಟ್ಟಿ, ಆಳಿಸಿಕೊಂಡವರ ಕಡೆಗೆ ಮುಖ ತಿರುಗಿಸಿ ಬರೆದರು.

ಒಂದು ಮದುವೆ, ಒಂದು ಮುರಿತ

ಬೆಂಗಳೂರಿನ ಇಂಟರ್‌ಮೀಡಿಯೆಟ್ ಕಾಲೇಜಿನಲ್ಲಿ ಓದಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪದವಿ ಮುಗಿಸಿ, ಎಂ.ಎ. ಮತ್ತು ಕಾನೂನು ಓದಲಿಕ್ಕೆ ಪುಣೆಗೆ ಹೋದರು. ಆ ಓದು ಪೂರ್ತಿಯಾಗಲಿಲ್ಲ. ವಕೀಲಿಕೆ ಮಾಡಿಕೊಂಡೋ ಅರಮನೆಯ ನೌಕರಿ ಹಿಡಿದೋ ಸುಖವಾಗಿ ಇದ್ದುಬಿಡಬಹುದಾಗಿದ್ದ ದಾರಿ ಅಲ್ಲಿಗೆ ನಿಂತಿತು.

ಇನ್ನೊಂದು ಬಾಗಿಲು ಮುಚ್ಚಿಕೊಂಡಿದ್ದು ಪ್ರೀತಿಯಿಂದ. ರಾಜಮನೆತನಕ್ಕೆ ಸೇರಿದ ದೊಡ್ಡಮ್ಮಣ್ಣಿಯವರನ್ನು ಅವರು ಪ್ರೀತಿಸಿದರು, ಅರಮನೆಯ ವಿರೋಧವನ್ನು ಲೆಕ್ಕಿಸದೆ ಮದುವೆಯಾದರು. ಇದು ನಾವು ಇವತ್ತು ಹೇಳುವ ಅರ್ಥದ ಅಂತರ್ಜಾತಿ ಮದುವೆ ಆಗಿರಲಿಲ್ಲ ಅನ್ನೋದನ್ನು ಗಮನಿಸಬೇಕು. ಅರಸು ಮನೆತನಗಳಿಗೂ ರಾಜಮನೆತನಕ್ಕೂ ಹೆಣ್ಣು ಗಂಡಿನ ಸಂಬಂಧ ಮೊದಲಿಂದಲೂ ಇತ್ತು. ಆದರೂ ಅರಮನೆಗೆ ಇದು ನುಂಗಲಾರದ ತುತ್ತಾಯಿತು. ಯಾಕೆ? ಯಾರು ಯಾರನ್ನು ಮದುವೆಯಾಗಬೇಕು ಅನ್ನೋದನ್ನು ತೀರ್ಮಾನಿಸುವ ಅಧಿಕಾರ ಮನೆತನದ್ದು, ಮದುವೆಯಾಗುವ ಇಬ್ಬರದ್ದಲ್ಲ. ಜಾತಿ ಒಂದೇ ಇದ್ದರೂ ಅಂತಸ್ತು ಬೇರೆ. ಅಂತಸ್ತು ಒಂದೇ ಇದ್ದಿದ್ದರೆ ಇನ್ನೇನೋ ಒಂದು ಕಾರಣ ಸಿಗುತ್ತಿತ್ತು. ಪ್ರೀತಿಯನ್ನು ತಡೆಯಬೇಕು ಅಂತ ಕೂತವರಿಗೆ ಕಾರಣದ ಬರ ಯಾವತ್ತೂ ಬರಲ್ಲ.

ಈ ಕಥೆಯನ್ನು ಹೇಳುವಾಗ ನಾವು ಹೆಚ್ಚಾಗಿ ಗಂಡಿನ ಧೈರ್ಯವನ್ನು ಹೊಗಳಿ ಮುಂದೆ ಹೋಗುತ್ತೇವೆ. ಹೆಚ್ಚು ಕಳೆದುಕೊಂಡವರು ದೊಡ್ಡಮ್ಮಣ್ಣಿ ಅಂತ ನನಗೆ ಅನಿಸುತ್ತೆ. ಚದುರಂಗರು ಕಲ್ಲಹಳ್ಳಿಯಿಂದ ಬಂದವರು, ಹಳ್ಳಿ ಅವರಿಗೆ ತಮ್ಮದೇ ಜಾಗ. ಅರಮನೆಯ ರೀತಿ ರಿವಾಜಿನ ಒಳಗೆ ಬೆಳೆದ ಹೆಣ್ಣುಮಗಳಿಗೆ ಅಲ್ಲಿಂದ ಹೊರಗೆ ಬರುವುದು ಅಂದರೆ ಗೊತ್ತಿದ್ದ ಲೋಕವನ್ನೇ ಬಿಟ್ಟು ಬರುವುದು. ಕಾದಂಬರಿಕಾರನ ಹೆಸರು ಪಠ್ಯಪುಸ್ತಕಕ್ಕೆ ಬಂತು. ಆ ಬದುಕಿನ ಅರ್ಧ ಭಾರ ಹೊತ್ತವರ ಹೆಸರು ಕಲಾವಿದರ, ಸಾಹಿತಿಗಳ ಜೀವನಚರಿತ್ರೆಯಲ್ಲಿ ಸಾಮಾನ್ಯವಾಗಿ ಆಗುವ ಹಾಗೆ ಒಂದೇ ಸಾಲಿನಲ್ಲಿ ಮುಗಿಯಿತು.

ಚದುರಂಗರ ಮುಖ್ಯ ಕೃತಿಗಳನ್ನು ಈ ಮದುವೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಒಂದು ವಿಷಯ ಹೊಳೆಯುತ್ತೆ. ಯಾರು ಯಾರನ್ನು ಪ್ರೀತಿಸಬಹುದು, ಅದನ್ನು ತೀರ್ಮಾನಿಸುವವರು ಯಾರು, ತೀರ್ಮಾನವನ್ನು ಮೀರಿದವರಿಗೆ ಏನಾಗುತ್ತೆ. ಜೀವನವಿಡೀ ಅವರು ಸುತ್ತುತ್ತಿದ್ದದ್ದು ಈ ಪ್ರಶ್ನೆಯನ್ನೇ.

ಪ್ರಗತಿಶೀಲರ ಸಾಲಿನಲ್ಲಿ

1940ರ ದಶಕದ ಕನ್ನಡ ಸಾಹಿತ್ಯದಲ್ಲಿ ದೊಡ್ಡ ಗಲಾಟೆ ಎಬ್ಬಿಸಿದ್ದು ಪ್ರಗತಿಶೀಲ ಚಳವಳಿ. ಅ.ನ. ಕೃಷ್ಣರಾಯರ ನಾಯಕತ್ವ, ತ.ರಾ.ಸು., ನಿರಂಜನ, ಬಸವರಾಜ ಕಟ್ಟೀಮನಿ ಅವರಂಥ ಬರಹಗಾರರು. ಸಾಹಿತ್ಯ ಪಂಡಿತರ ಜಗಲಿಯಿಂದ ಇಳಿದು ಬೀದಿಗೆ, ಕಾರ್ಖಾನೆಗೆ, ಹೊಲಕ್ಕೆ, ವೇಶ್ಯೆಯ ಮನೆಗೆ ಹೋಗಬೇಕು ಅನ್ನೋದು ಅವರ ಹಠ. ಆ ಸಾಲಿನಲ್ಲಿ ನಿಂತವರಲ್ಲಿ ಹೆಚ್ಚಿನವರು ಮಧ್ಯಮ ವರ್ಗದಿಂದಲೋ ಬಡತನದಿಂದಲೋ ಬಂದವರು. ಅವರ ನಡುವೆ ರಾಜಮನೆತನದ ನೆಂಟ ಒಬ್ಬ ಬಂದು ಕೂತದ್ದು ಸಣ್ಣ ವಿಷಯವಲ್ಲ.

1950ರಲ್ಲಿ 'ಸರ್ವಮಂಗಳಾ' ಬಂತು. ದೇಶ ಗಣರಾಜ್ಯವಾದ ವರ್ಷ. ಅದಕ್ಕೆ ಮೂರು ವರ್ಷ ಮೊದಲು, 1947ರಲ್ಲಿ, ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನ ಜನ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ನಡೆಸಬೇಕಾಗಿ ಬಂದಿತ್ತು. ದೊರೆಗಳ ಅಧಿಕಾರ ಕಾಗದದ ಮೇಲೆ ಹೋಗಿತ್ತು, ಮನೆಮನೆಯ ಒಳಗೆ ಇದ್ದ ಸಣ್ಣ ಸಣ್ಣ ದೊರೆತನ ಹಾಗೇ ಇತ್ತು. ಕೈಗೂಡದ ಪ್ರೀತಿಯ ಕಥೆಯಾದ 'ಸರ್ವಮಂಗಳಾ' ಕಣ್ಣಿಟ್ಟದ್ದು ಈ ಎರಡನೆಯ ದೊರೆತನದ ಮೇಲೆ. ಅದನ್ನು ಕಣ್ಣೀರಿನ ಕಥೆ ಅಂತ ಬದಿಗೆ ಸರಿಸುವವರು ಇದ್ದಾರೆ. ಆದರೆ ಹಿರಿಯರ ನಿರ್ಧಾರದ ಎದುರು ಎರಡು ಎಳೆಯ ಜೀವಗಳ ಇಷ್ಟಕ್ಕೆ ಬೆಲೆಯೇ ಇಲ್ಲದ ಆ ಲೋಕವನ್ನು ಓದುಗರು ತಮ್ಮದೇ ಮನೆ ಅಂತ ಗುರುತಿಸಿದರು. ಪುಸ್ತಕ ಜನಪ್ರಿಯವಾದದ್ದು ಆ ಗುರುತಿನಿಂದ.

ಇಂಜಿನಿಯರಿಂಗ್ ಓದಿ ಬಂದ ನನಗೆ ಲೆಕ್ಕ ಬೇಗ ಕಣ್ಣಿಗೆ ಬೀಳುತ್ತೆ. ಪ್ರಗತಿಶೀಲರ ನಾಯಕ ಅ.ನ.ಕೃ. ಬರೆದ ಕಾದಂಬರಿಗಳು ನೂರಕ್ಕಿಂತ ಹೆಚ್ಚು. ಚದುರಂಗರದ್ದು ನಾಲ್ಕು: 'ಸರ್ವಮಂಗಳಾ', 'ಉಯ್ಯಾಲೆ', 'ವೈಶಾಖ', 'ಹೆಜ್ಜಾಲ'. ಇವುಗಳ ಜೊತೆ ಸಣ್ಣಕಥೆಗಳು, ನಾಟಕಗಳು. ಮೊದಲ ಕಾದಂಬರಿಯಿಂದ 'ವೈಶಾಖ'ಕ್ಕೆ ಬರುವ ಹೊತ್ತಿಗೆ ಮೂವತ್ತು ವರ್ಷ ಕಳೆದಿತ್ತು. ಆ ಮೂವತ್ತು ವರ್ಷಗಳಲ್ಲಿ ಪ್ರಗತಿಶೀಲ ಚಳವಳಿ ತಣ್ಣಗಾಯಿತು, ನವ್ಯ ಬಂತು, ನವ್ಯಕ್ಕೆ ವಿರೋಧವೂ ಬಂತು. ಅವರ ಜೊತೆ ಹೊರಟ ಅನೇಕರು ಮೊದಲ ಪುಸ್ತಕದ ಯಶಸ್ಸನ್ನೇ ಮತ್ತೆ ಮತ್ತೆ ಬರೆದರು. ಇವರು ಪ್ರತಿ ಸಲವೂ ಬೇರೆ ಥರ ಬರೆಯಲು ಕೂತರು.

ಉಯ್ಯಾಲೆಯ ಹೆಣ್ಣು

1960ರಲ್ಲಿ ಬಂದ 'ಉಯ್ಯಾಲೆ' ಇದಕ್ಕೆ ಒಳ್ಳೆಯ ಉದಾಹರಣೆ. ಗಂಡ ಕೆಟ್ಟವನಲ್ಲ. ಹೊಡೆಯಲ್ಲ, ಬೈಯಲ್ಲ. ಪುಸ್ತಕಗಳ ನಡುವೆ ಮುಳುಗಿಹೋದ ವಿದ್ವಾಂಸ, ಅಷ್ಟೇ. ಮನೆಯಲ್ಲಿ ಹೆಂಡತಿ ಎಂಬ ಮನುಷ್ಯಳು ಇದ್ದಾಳೆ ಅನ್ನೋದು ಅವನ ಗಮನಕ್ಕೆ ಬರಲ್ಲ. ಅವಳ ಒಂಟಿತನವನ್ನು ಗಮನಿಸುವ ಇನ್ನೊಬ್ಬ ಗಂಡಸು ಅವಳ ಬದುಕಿನ ಹತ್ತಿರ ಬರುತ್ತಾನೆ. ಮನಸ್ಸು ಅತ್ತಿತ್ತ ತೂಗುತ್ತೆ.

ಮದುವೆಯಾದ ಹೆಣ್ಣಿನ ಮನಸ್ಸು ಹಾಗೆ ತೂಗುವುದನ್ನು ಪಾಪ ಅಂತ ತೀರ್ಪು ಕೊಡದೆ ಬರೆಯುವುದು 1960ರಲ್ಲಿ ಸುಲಭವಿರಲಿಲ್ಲ. ಮೈಸೂರಿನಲ್ಲೇ ತ್ರಿವೇಣಿಯವರು ಅದೇ ವರ್ಷಗಳಲ್ಲಿ ಹೆಣ್ಣಿನ ಮನಸ್ಸಿನ ಗಾಯಗಳನ್ನು ಒಳಗಿನಿಂದ ಬರೆಯುತ್ತಿದ್ದರು ಅನ್ನೋದನ್ನು ಇಲ್ಲಿ ನೆನೆಯಬೇಕು. ಚದುರಂಗರು ಹೊರಗಿನಿಂದ, ಗಂಡಸಾಗಿ ಬರೆದರು. ಆದರೂ ಗಂಡಿನ ಉದಾಸೀನವೂ ಒಂದು ಹಿಂಸೆ ಅಂತ ಅವರು ಗುರುತಿಸಿದರು. ಪ್ರಗತಿಶೀಲರು ಹೆಣ್ಣಿನ ಮೇಲಿನ ಶೋಷಣೆ ಅಂದಾಗ ಹೆಚ್ಚಾಗಿ ವೇಶ್ಯೆಯ ಮನೆ, ವರದಕ್ಷಿಣೆ, ಬಡತನ ಅಂತ ನೋಡುತ್ತಿದ್ದರು. ಇಲ್ಲಿ ಓದು ಬರಹ ಬಲ್ಲ, ಗೌರವಸ್ಥ, ಊಟಕ್ಕೆ ಕೊರತೆ ಇಲ್ಲದ ಮನೆಯೇ ಕಟಕಟೆಯಲ್ಲಿ ನಿಂತಿದೆ.

ಸಿನಿಮಾ ಈ ಎರಡೂ ಕಥೆಗಳನ್ನು ಕಾದಂಬರಿ ಓದದವರ ಮನೆಗೂ ಮುಟ್ಟಿಸಿತು. 1968ರಲ್ಲಿ 'ಸರ್ವಮಂಗಳಾ'ವನ್ನು ಚದುರಂಗರೇ ನಿರ್ದೇಶಿಸಿದರು. 1969ರಲ್ಲಿ 'ಉಯ್ಯಾಲೆ'ಯನ್ನು ಎನ್. ಲಕ್ಷ್ಮೀನಾರಾಯಣ್ ತೆರೆಗೆ ತಂದರು. ಎರಡರಲ್ಲೂ ರಾಜ್‌ಕುಮಾರ್, ಕಲ್ಪನಾ. ಮೆರೆಯುವ ನಾಯಕನಾಗಿ ಜನ ಕಂಡಿದ್ದ ರಾಜ್‌ಕುಮಾರ್ ಇಲ್ಲಿ ಗೆಲ್ಲದ, ಹಿಂದೆ ಸರಿಯುವ ಗಂಡಸಾಗಿ ಕಾಣಿಸಿಕೊಂಡರು. ತನ್ನದೇ ಕಾದಂಬರಿಯನ್ನು ತಾನೇ ಸಿನಿಮಾ ಮಾಡಿದ ಕನ್ನಡ ಬರಹಗಾರರು ಹೆಚ್ಚಿಲ್ಲ. ಓದು ಬಾರದವರನ್ನೂ ಮುಟ್ಟಬೇಕು ಅನ್ನೋ ಪ್ರಗತಿಶೀಲರ ಹಳೆಯ ಆಸೆ ಅಲ್ಲೂ ಕೆಲಸ ಮಾಡಿತ್ತು ಅಂತ ನಾನು ಅಂದುಕೊಂಡಿದ್ದೇನೆ.

ಕಾನೂನು ಒಂದು ಕಡೆ, ಕಾದಂಬರಿ ಇನ್ನೊಂದು ಕಡೆ

ಇಲ್ಲಿ ಕಲ್ಲಹಳ್ಳಿಯ ಇಬ್ಬರು ಅರಸುಗಳ ದಾರಿ ಒಂದಕ್ಕೊಂದು ಎದುರಾಗಿ ಬರುತ್ತೆ. ದೇವರಾಜ ಅರಸು 1941ರಲ್ಲೇ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಬಂದವರು. 1972ರಲ್ಲಿ ಮುಖ್ಯಮಂತ್ರಿಯಾದರು. ಭೂಸುಧಾರಣೆಯ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಪದ್ಧತಿ ರದ್ದಾಯಿತು. ತಾಲ್ಲೂಕು ತಾಲ್ಲೂಕಿನಲ್ಲೂ ಭೂನ್ಯಾಯಮಂಡಳಿ ಕೂತು ಗೇಣಿದಾರರ ಅರ್ಜಿಗಳನ್ನು ತೀರ್ಮಾನಿಸಿತು. ಇದು ಪ್ರಭುತ್ವ ಮಾಡಬಹುದಾದ ದೊಡ್ಡ ಕೆಲಸ, ಮಾಡಿದರು.

ಆದರೆ ಗೇಣಿಯ ಹಕ್ಕೇ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದ, ಜೀತಕ್ಕಿದ್ದ ದಲಿತರ ಕೈಗೆ ಆ ಭೂಮಿ ಬಂದದ್ದು ಕಡಿಮೆ. ಪಹಣಿಯಲ್ಲಿ ಹೆಸರು ಬದಲಾದ ಹಳ್ಳಿಗಳಲ್ಲೂ ಕೇರಿ ಕೇರಿಯಾಗಿಯೇ ಉಳಿಯಿತು. ಬಾವಿ, ಗುಡಿ, ಹೋಟೆಲಿನ ಬೆಂಚು, ಮದುವೆ ಯಾವುದನ್ನೂ ಭೂನ್ಯಾಯಮಂಡಳಿ ಮುಟ್ಟಲು ಸಾಧ್ಯವಿರಲಿಲ್ಲ. ಕಾನೂನು ನಿಲ್ಲುವ ಆ ಗಡಿಯಿಂದ 'ವೈಶಾಖ' ಶುರುವಾಗುತ್ತೆ.

1981ರಲ್ಲಿ ಬಂದ 'ವೈಶಾಖ'ದಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿ ಇದೆ. ಬ್ರಾಹ್ಮಣರ ಮನೆ, ಒಕ್ಕಲುತನದವರ ಕೇರಿ, ಹೊಲೆಯರ ಕೇರಿ. ಎಳೆಯ ವಿಧವೆಯೊಬ್ಬಳ ಮೈಮನಸ್ಸಿನ ಹಸಿವಿದೆ. ದುಡಿಯುವವರ ಸಿಟ್ಟು, ಅವಮಾನ, ನಗು, ಮೋಹ ಎಲ್ಲವೂ ಇದೆ. ಪಾತ್ರಗಳ ಮನಸ್ಸಿನೊಳಗೆ ಹರಿಯುವ ಮಾತನ್ನೇ ಹಿಡಿದು ಕಥೆ ಸಾಗುತ್ತೆ. ಅದರ ಕನ್ನಡ ಪುಸ್ತಕದ ಕನ್ನಡವಲ್ಲ, ಆ ತಾಲ್ಲೂಕುಗಳ ಸಂತೆಯಲ್ಲಿ, ಗದ್ದೆ ಬಯಲಿನಲ್ಲಿ ಕೇಳಿಸುವ ಆಡುಮಾತು. 'ಸರ್ವಮಂಗಳಾ'ದ ಲೇಖಕರೇ ಇದನ್ನು ಬರೆದದ್ದಾ ಅಂತ ಆಶ್ಚರ್ಯವಾಗುವಷ್ಟು ದೂರ ಅವರು ನಡೆದು ಬಂದಿದ್ದರು. ಆಗ ಅವರ ವಯಸ್ಸು ಅರವತ್ತೈದು.

1982ರ ಜೂನ್‌ನಲ್ಲಿ ದೇವರಾಜ ಅರಸು ತೀರಿಕೊಂಡರು. ಅದೇ 1982ರ ಸಾಲಿನ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 'ವೈಶಾಖ'ಕ್ಕೆ ಬಂತು. ಒಬ್ಬರು ಜಮೀನಿನ ಒಡೆತನವನ್ನು ಕದಲಿಸಿದರು, ಇನ್ನೊಬ್ಬರು ಮನಸ್ಸಿನ ಒಡೆತನವನ್ನು ಪ್ರಶ್ನಿಸಿದರು. ನಮ್ಮ ರಾಜಕೀಯ ಚರ್ಚೆಗಳಲ್ಲಿ ಮೊದಲನೆಯದಕ್ಕೆ ಬೆಲೆ ಇದೆ, ಎರಡನೆಯದು ಸಾಹಿತ್ಯದವರ ಕೆಲಸ ಅಂತ ಬಿಟ್ಟುಬಿಡುತ್ತೇವೆ. ಒಂದಿಲ್ಲದೆ ಇನ್ನೊಂದು ಅರ್ಧಕ್ಕೇ ನಿಲ್ಲುತ್ತೆ ಅನ್ನೋದಕ್ಕೆ ಆಮೇಲಿನ ನಲವತ್ತು ವರ್ಷ ಸಾಕ್ಷಿ.

ಅರಸು ಬರೆದ ಹೊಲಗೇರಿ

ಈಗ ಕಷ್ಟದ ಪ್ರಶ್ನೆಗೆ ಬರೋಣ. ದಲಿತರ ಬದುಕನ್ನು ಅರಸು ಮನೆತನದವರು ಬರೆಯಬಹುದಾ? ಇದು ಇವತ್ತಿನ ಹುಡುಗರು ಸುಮ್ಮನೆ ಎತ್ತುತ್ತಿರುವ ತಕರಾರು ಅಂತ ಕೆಲವು ಹಿರಿಯರು ಗೊಣಗುತ್ತಾರೆ. ಹಾಗಲ್ಲ. 'ವೈಶಾಖ' ಬರುವುದಕ್ಕೆ ಎಂಟು ವರ್ಷ ಮೊದಲು, 1973ರಲ್ಲಿ, ಮೈಸೂರಿನಲ್ಲೇ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದು ದೊಡ್ಡ ಕೋಲಾಹಲವಾಯಿತು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಮಂತ್ರಿಯಾಗಿದ್ದದ್ದು ಯಾರ ಸಂಪುಟದಲ್ಲಿ? ದೇವರಾಜ ಅರಸರ ಸಂಪುಟದಲ್ಲೇ. ಆ ಕಿಡಿಯಿಂದ ದಲಿತ ಸಂಘರ್ಷ ಸಮಿತಿ ಬೆಳೆಯಿತು, ದಲಿತ ಸಾಹಿತ್ಯ ಎದ್ದು ನಿಂತಿತು. ನಮ್ಮ ಬದುಕು ನಿಮ್ಮ ಕರುಣೆಗೆ ವಸ್ತುವಲ್ಲ ಅನ್ನೋ ಮಾತು ಚದುರಂಗರು 'ವೈಶಾಖ' ಬರೆಯುವ ಹೊತ್ತಿಗೆ ಮೈಸೂರಿನ ಗಾಳಿಯಲ್ಲೇ ಇತ್ತು.

'ವೈಶಾಖ' ಬಂದ ಮೂರು ವರ್ಷಕ್ಕೆ, 1984ರಲ್ಲಿ, ಅದೇ ಮೈಸೂರು ಜಿಲ್ಲೆಯ ನಂಜನಗೂಡು ಸೀಮೆಯಿಂದ ಬಂದ ದೇವನೂರ ಮಹಾದೇವ ಅವರ 'ಕುಸುಮಬಾಲೆ' ಪ್ರಕಟವಾಯಿತು. ಅಲ್ಲೂ ಮೈಸೂರು ಸೀಮೆಯ ಆಡುಮಾತೇ. ಅಲ್ಲೂ ಜಾತಿಯ ಗೆರೆ ದಾಟಿದ ಪ್ರೀತಿ, ಅದಕ್ಕೆ ತೆರಬೇಕಾದ ಪ್ರಾಣ. ಎರಡನ್ನೂ ಒಟ್ಟಿಗೆ ಓದಿದರೆ ವ್ಯತ್ಯಾಸ ತಾನಾಗಿಯೇ ಕಾಣುತ್ತೆ. ಚದುರಂಗರು ಕೇರಿಯನ್ನು ಬಹಳ ಹತ್ತಿರ ಬಂದು ನೋಡಿದರು. ದೇವನೂರರಿಗೆ ಹತ್ತಿರ ಬರಬೇಕಾದ ಅಗತ್ಯವೇ ಇರಲಿಲ್ಲ. ಹೊರಗಿನಿಂದ ಬಂದವರು ನೋವನ್ನು ಮೊದಲು ಕಾಣುತ್ತಾರೆ. ಒಳಗಿದ್ದವರಿಗೆ ನೋವಿನ ಜೊತೆಗೆ ದೇವರು, ದೆವ್ವ, ಹಾಡು, ಹೊಟ್ಟೆಕಿಚ್ಚು, ತಮಾಷೆ ಎಲ್ಲ ಒಟ್ಟಿಗೇ ಸಿಗುತ್ತೆ.

ಹಾಗಂತ 'ವೈಶಾಖ'ವನ್ನು ಪಕ್ಕಕ್ಕೆ ಸರಿಸಬೇಕು ಅಂತ ನಾನು ಹೇಳಲ್ಲ. ಮೇಲಿನಿಂದ ಬಂದ ಬರಹಗಾರನ ಮುಂದೆ ಎರಡು ಸುಲಭದ ದಾರಿಗಳಿರುತ್ತವೆ. ತನ್ನ ಅರಮನೆಯ ನೆನಪುಗಳನ್ನು ಬಣ್ಣ ಹಚ್ಚಿ ಮಾರುವುದು ಒಂದು. ಬಡವರ ಮೇಲೆ ಕಣ್ಣೀರು ಸುರಿಸಿ ಪುಣ್ಯ ಕಟ್ಟಿಕೊಳ್ಳುವುದು ಇನ್ನೊಂದು. ಚದುರಂಗರು ಎರಡನ್ನೂ ಮೀರಲು ಪ್ರಯತ್ನಪಟ್ಟರು. ತನ್ನದಲ್ಲದ ಮಾತನ್ನು ಕಲಿಯಲು ಅರವತ್ತು ದಾಟಿದ ಮೇಲೂ ಕಿವಿ ತೆರೆದಿಟ್ಟರು. ಅವರ ಕಥೆಯೊಂದರ ಹೆಸರು 'ನಾಲ್ಕು ಮೊಳ ಭೂಮಿ'. ಊರಿಗೆ ಊರೇ ತಮ್ಮದು ಅಂತ ಹೇಳಿಕೊಳ್ಳುತ್ತಿದ್ದ ವರ್ಗದಲ್ಲಿ ಹುಟ್ಟಿದವರು ನೆಲವನ್ನು ಮೊಳದಲ್ಲಿ ಅಳೆಯುವುದನ್ನು ಕಲಿತರು. ಈ ಕಲಿಕೆಗೆ ಬೆಲೆ ಇದೆ. ಅದಕ್ಕೆ ಮಿತಿಯೂ ಇದೆ. ಎರಡನ್ನೂ ಒಟ್ಟಿಗೆ ಹೇಳುವುದು ಅವರಿಗೆ ನಾವು ತೋರಿಸಬಹುದಾದ ನಿಜವಾದ ಗೌರವ.

ಮಂಡ್ಯದಿಂದ ಪಿರಿಯಾಪಟ್ಟಣಕ್ಕೆ

1994ರಲ್ಲಿ ಮಂಡ್ಯದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಚದುರಂಗರು ಅಧ್ಯಕ್ಷರಾದರು. ದೊರೆಗಳ ಕಾಲದ ಕೃಷ್ಣರಾಜಸಾಗರದ ನೀರು ಕುಡಿದು ಕಬ್ಬು ಭತ್ತ ಬೆಳೆಯುವ ನೆಲ ಮಂಡ್ಯ. ಅಲ್ಲಿನ ಮನೆಗಳಲ್ಲಿ ನಾಲ್ವಡಿಯವರ ಫೋಟೋಗೆ ಇವತ್ತೂ ಹೂ ಬೀಳುತ್ತೆ. ಅಂಥ ಊರಿನಲ್ಲಿ ಅರಮನೆಯ ಮಾತು ಮೀರಿದ ಮನುಷ್ಯನನ್ನು ಕನ್ನಡದ ಜನ ಸಾರೋಟಿನಲ್ಲಿ ಕೂರಿಸಿ ಗೌರವಿಸಿದರು. ನಾಲ್ಕು ವರ್ಷದ ನಂತರ, 1998ರ ಅಕ್ಟೋಬರ್‌ನಲ್ಲಿ, ಎಂಬತ್ತೆರಡನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಪ್ರಶಸ್ತಿ, ಸಮ್ಮೇಳನ, ಸಿನಿಮಾ, ಎಲ್ಲವೂ ಸಿಕ್ಕ ತುಂಬು ಬದುಕು ಅಂತ ಇಲ್ಲಿಗೆ ಮುಗಿಸಬಹುದಿತ್ತು.

ಮುಗಿಸಲು ಆಗಲ್ಲ, ಯಾಕಂದರೆ ಅವರ ಕಾದಂಬರಿಗಳ ಪ್ರಶ್ನೆ ಅವರ ಸೀಮೆಯಲ್ಲೇ ಇನ್ನೂ ಹೆಣ ಬೀಳಿಸುತ್ತಿದೆ. 2022ರ ಜೂನ್‌ನಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹದಿನೇಳು ವರ್ಷದ ಹುಡುಗಿಯೊಬ್ಬಳ ಕೊಲೆಯಾಯಿತು. ಅವಳು ದಲಿತ ಹುಡುಗನನ್ನು ಪ್ರೀತಿಸಿದ್ದಳು. ಕೊಂದ ಆರೋಪದ ಮೇಲೆ ಬಂಧನಕ್ಕೊಳಗಾದವರು ಅವಳ ತಂದೆ. ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ಎಷ್ಟು ದೂರ? ಪಕ್ಕದ ತಾಲ್ಲೂಕು. ಗೇಣಿ ರದ್ದಾಗಿ ಅರ್ಧ ಶತಮಾನ ಆಗುತ್ತಾ ಬಂದಿದ್ದ, ತಂಬಾಕು ಬೆಳೆದು ನಾಲ್ಕು ಕಾಸು ಕಂಡ, ಮಕ್ಕಳನ್ನು ಕಾಲೇಜಿಗೆ ಕಳಿಸುವ ಸೀಮೆಯಲ್ಲಿ ಇದು ನಡೆಯಿತು.

ವಯಸ್ಕರಿಬ್ಬರು ತಮ್ಮ ಇಷ್ಟದಂತೆ ಮದುವೆಯಾಗುವುದನ್ನು ತಡೆಯುವ ಹಕ್ಕು ಮನೆತನಕ್ಕೂ ಇಲ್ಲ, ಪಂಚಾಯಿತಿಗೂ ಇಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಶಕ್ತಿ ವಾಹಿನಿ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಅಂಥ ಜೋಡಿಗಳಿಗೆ ರಕ್ಷಣೆ ಕೊಡಬೇಕಾದ ಹೊಣೆ ಪೊಲೀಸರದ್ದು ಅಂತಲೂ ಹೇಳಿದೆ. ತೀರ್ಪು ಬೇಕು, ಕಾನೂನು ಬೇಕು, ಅದಕ್ಕಾಗಿ ಬೀದಿಗಿಳಿದು ಹೋರಾಡಬೇಕು. ಆದರೆ ಮಗಳ ಪ್ರೀತಿ ತನ್ನ ಮಾನಕ್ಕೆ ಬಿದ್ದ ಪೆಟ್ಟು ಅಂತ ಒಬ್ಬ ಅಪ್ಪನಿಗೆ ಯಾಕೆ ಅನಿಸುತ್ತೆ ಅನ್ನೋದನ್ನು ತೀರ್ಪು ಹೇಳಲ್ಲ. ಅದನ್ನು ಬಿಡಿಸಿ ನೋಡುವುದು ಕಾದಂಬರಿ.

ಇನ್ನೊಂದು ಮಾತು. ಅಂತರ್ಜಾತಿ ಮದುವೆಯ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಕೆಳಗಿರುವವರ ಧೈರ್ಯದ ಮೇಲೆ ಭಾರ ಹಾಕುತ್ತೇವೆ. ಗೆರೆ ದಾಟಿದಾಗ ಹಲ್ಲೆಯಾಗುವುದು, ಊರು ಬಿಡಬೇಕಾಗುವುದು ದಲಿತ ಹುಡುಗ ಮತ್ತು ಅವನನ್ನು ಪ್ರೀತಿಸಿದ ಹುಡುಗ��. ಮೇಲಿರುವವರು ತಮ್ಮ ಮನೆಯ ಒಳಗೆ ಏನು ಮಾಡಿದರು ಅನ್ನೋ ಪ್ರಶ್ನೆ ಕೇಳುವವರೇ ಇಲ್ಲ. ಚದುರಂಗರ ಬದುಕು ಆ ಪ್ರಶ್ನೆಯನ್ನು ಕೇಳುತ್ತೆ. ಅವರು ಮೊದಲು ತಮ್ಮ ಮನೆಯ, ತಮ್ಮ ವರ್ಗದ ಜೊತೆ ಜಗಳ ಆಡಿದರು. ಬೇರೆಯವರ ಕೇರಿಯ ಕಥೆ ಬರೆದದ್ದು ಆಮೇಲೆ. ಈ ಕ್ರಮ ನನಗೆ ಮುಖ್ಯ ಅನಿಸುತ್ತೆ. ಮನೆಯ ಊಟದ ಮೇಜಿನಲ್ಲಿ ಬಾಯಿ ಬಿಡದವರು ಟೌನ್ ಹಾಲ್ ಮುಂದೆ ಹಾಕುವ ಘೋಷಣೆಗೆ ಬಲ ಕಡಿಮೆ.

ಹಾಗಂತ ಅವರನ್ನು ಸಂತರನ್ನಾಗಿ ಮಾಡುವುದು ಬೇಡ. ಅರಮನೆ ಬಿಟ್ಟವರಿಗೂ ಅರಸು ಅನ್ನೋ ಹೆಸರು ಉಳಿದಿತ್ತು, ಓದು ಇತ್ತು, ಮೈಸೂರಿನ ಸಾಹಿತ್ಯ ವಲಯದಲ್ಲಿ ಕುರ್ಚಿ ಇತ್ತು. ಪಿರಿಯಾಪಟ್ಟಣದ ಆ ಹುಡುಗಿಗೆ ಇದ್ಯಾವುದೂ ಇರಲಿಲ್ಲ. ದಾಟುವ ಧೈರ್ಯ ಎಲ್ಲರಿಗೂ ಒಂದೇ ಬೆಲೆಗೆ ಸಿಗಲ್ಲ. ದಾಟಿದ ಮೇಲೆ ಬದುಕಿ ಉಳಿಯುವ ಅವಕಾಶವೂ ಹುಟ್ಟಿನ ಮೇಲೆಯೇ ನಿಂತಿದೆ ಅನ್ನೋದು ಈ ಸೀಮೆಯ ಎರಡು ಕಥೆಗಳನ್ನು ಅಕ್ಕಪಕ್ಕ ಇಟ್ಟಾಗ ಕಾಣುವ ಕಹಿ ಸತ್ಯ.

ದೇವರಾಜ ಅರಸರ ಜಯಂತಿ ಪ್ರತಿ ಆಗಸ್ಟ್‌ನಲ್ಲಿ ನಡೆಯುತ್ತೆ, ನಡೆಯಲೇಬೇಕು. ಅದೇ ದಿನ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಾಲೇಜುಗಳಲ್ಲಿ 'ವೈಶಾಖ'ದ ನಾಲ್ಕು ಪುಟಗಳನ್ನು ಜೋರಾಗಿ ಓದಿಸಿದರೆ? ಪಕ್ಕದಲ್ಲೇ 'ಕುಸುಮಬಾಲೆ'ಯ ನಾಲ್ಕು ಪುಟ. ಅದರಲ್ಲಿರುವುದು ಆ ಮಕ್ಕಳ ಮನೆಯ ಮಾತು, ಅವರ ಅಜ್ಜಿಯ ಕನ್ನಡ. ಓದಿದ ಮೇಲೆ ಚರ್ಚೆ ಶುರುವಾಗುತ್ತೆ. ಚರ್ಚೆ ಮನೆಗೂ ಹೋಗುತ್ತೆ. ಯಾವುದೋ ಒಂದು ಮನೆಯಲ್ಲಿ ಒಬ್ಬ ಅಪ್ಪ ಮಗಳ ಮಾತನ್ನು ಕೊನೆಯವರೆಗೂ ಕೇಳಿಸಿಕೊಂಡರೆ, ಕಲ್ಲಹಳ್ಳಿಯ ಇಬ್ಬರು ಅರಸುಗಳ ಕೆಲಸವೂ ಒಂದು ಹೆಜ್ಜೆ ಮುಂದೆ ಹೋದ ಹಾಗೆ.